ಅದು ಕೆಟ್ಟಿಲ್ಲ ಮಾರಾಯ್ರೆ, ಕೂಗಿ ಹೇಳ್ತಿದೆ!

ಕಳೆದ ಮಳೆಗಾಲದ ಮಾತು. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯುತ್ತಿದ್ದಳು. ಬೆಳಗಿನಿಂದ ಹೋಗಿದ್ದ ಕರೆಂಟ್ ಸಂಜೆ ಐದೂವರೆಗೆ ಬಂತು. ಫೋಟೊಗಳನ್ನು ಫೋನಿನಲ್ಲೇ ಕಳಿಸಿದ್ದೆ, ಸುದ್ದಿ ಮಾತ್ರ ಟೈಪ್ ಮಾಡುವುದು ಬಾಕಿ. ಕಂಪ್ಯೂಟರ್ ಆನ್ ಮಾಡಿದರೆ ಪರದೆ ಕಪ್ಪು. ಒಳಗಿನಿಂದ ಉದ್ದುದ್ದ ಬೀಪ್... ಬೀಪ್... ಬೀಪ್. ನಿಲ್ಲುವುದೇ ಇಲ್ಲ. ಹೆದರಿ ಸ್ವಿಚ್ ಆರಿಸಿದೆ. ಆವತ್ತಿನ ಸುದ್ದಿ ಹೋಗಲಿಲ್ಲ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ತಿಂಗಳ ಸಂಬಳವಿಲ್ಲ. ಹೋಗದ ಸುದ್ದಿಗೆ ಕಾಸೂ ಇಲ್ಲ.

ಮಳೆ ಬಿಟ್ಟ ಮೇಲೆ ಸಿಪಿಯುವನ್ನು ಗೋಣಿಚೀಲಕ್ಕೆ ತುಂಬಿ, ಟಾರ್ಪಾಲ್ ಸುತ್ತಿ, ಬಸ್ಸು ಹತ್ತಿ ಪೇಟೆಗೆ ಹೋದೆ. ಅಂಗಡಿಯವರು ಒಮ್ಮೆ ಆನ್ ಮಾಡಿದರು, ಎರಡು ಬೀಪ್ ಕೇಳಿದರು, ಆರಿಸಿದರು. ಸೈಡಿನ ಬಾಗಿಲು ಕೂಡ ಬಿಚ್ಚಲಿಲ್ಲ. "ಮದರ್‌ಬೋರ್ಡ್ ಹೋಗಿದೆ ಸರ್. ಆರೂವರೆ ಸಾವಿರ ಆಗುತ್ತೆ." ಅಷ್ಟು ದುಡ್ಡು ಇರಲಿಲ್ಲ. ಅದೇ ಗೋಣಿಚೀಲದಲ್ಲಿ ವಾಪಸ್ ತಂದೆ.

ರಾತ್ರಿ ಸುಮ್ಮನಿರಲಾರದೆ ಆ ಬೋರ್ಡಿನ ಕೈಪಿಡಿಯನ್ನು ಫೋನಿನಲ್ಲಿ ಹುಡುಕಿದೆ. ನಿಲ್ಲದ ಉದ್ದ ಬೀಪ್ ಎಂದರೆ ರ‍್ಯಾಮ್ ಸಿಗುತ್ತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ರ‍್ಯಾಮ್ ತೆಗೆದು ನೋಡಿದರೆ ಅದರ ಚಿನ್ನದ ಬಣ್ಣದ ಅಂಚು ನಮ್ಮ ಮಳೆಗಾಲದ ತೇವಕ್ಕೆ ಮಂಕಾಗಿತ್ತು. ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಒತ್ತಿ ಕೂರಿಸಿದೆ. ಒಂದೇ ಒಂದು ಚಿಕ್ಕ ಬೀಪ್. ಪರದೆ ಬಂತು.

ರಬ್ಬರಿಗೆ ಐದು ರೂಪಾಯಿ. ಅಂಗಡಿಯವರು ಕೇಳಿದ್ದು ಆರೂವರೆ ಸಾವಿರ. ಈ ವ್ಯತ್ಯಾಸದ ಹೆಸರೇ ಅಜ್ಞಾನ. ಮೊದಲ ಸಿಟ್ಟು ಬಂದದ್ದು ನನ್ನ ಮೇಲೆ. ಊರಿನವರಿಗೆಲ್ಲ "ಪ್ರಶ್ನೆ ಕೇಳಿ" ಎಂದು ಬರೆಯುವ ನಾನು, ನನ್ನ ಮೇಜಿನ ಮೇಲಿನ ಡಬ್ಬ ಅರಚುವಾಗ "ಏನಾಯ್ತು?" ಎಂದು ಕೇಳಲಿಲ್ಲ.

ಬೀಪ್ ಎಂದರೆ ಏನು?

ಕಂಪ್ಯೂಟರ್ ಆನ್ ಆದ ಕೂಡಲೇ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪ್ರೊಸೆಸರ್ ಸರಿ ಇದೆಯೇ, ರ‍್ಯಾಮ್ ಇದೆಯೇ, ಪರದೆಗೆ ಚಿತ್ರ ಕಳಿಸುವ ಭಾಗ ಇದೆಯೇ ಎಂದು ಒಂದೊಂದಾಗಿ ನೋಡುತ್ತದೆ. ಇದನ್ನು 'ಪೋಸ್ಟ್' ಎನ್ನುತ್ತಾರೆ. ಪರದೆಯೇ ಹೊತ್ತಿಕೊಳ್ಳುವ ಮೊದಲು ದೋಷ ಸಿಕ್ಕರೆ ಅದನ್ನು ಬರೆದು ತೋರಿಸಲು ದಾರಿಯಿಲ್ಲ. ಹಾಗಾಗಿ ಕೂಗಿ ಹೇಳುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೇ ಈ ವ್ಯವಸ್ಥೆ ಇತ್ತು. ಒಂದು ಚಿಕ್ಕ ಬೀಪ್ ಎಂದರೆ ಎಲ್ಲ ಸರಿ. ಒಂದು ಉದ್ದ, ಎರಡು ಚಿಕ್ಕ ಎಂದರೆ ಪರದೆಯ ಕಾರ್ಡಿನ ತೊಂದರೆ. ನಲವತ್ತು ವರ್ಷ ದಾಟಿದ ಈ ವಿದ್ಯೆಯಲ್ಲಿ ಗುಟ್ಟು ಏನೂ ಇಲ್ಲ. ತಯಾರಕರೇ ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಬಿಟ್ಟಿಯಾಗಿ ಕೊಟ್ಟಿದ್ದಾರೆ.

ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಎಣಿಸಿ ಅನ್ನ ಇಳಿಸುವವರು ನಾವು. ಕಳೆ ಹೊಡೆಯುವ ಮೆಷಿನ್ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ ಉಜ್ಜುತ್ತೇವೆ. ಕಾಫಿ ಗಿಡ ಬಾಡಿದರೆ ಬಿಳಿ ಕಾಂಡಕೊರಕವೋ ಬೇರು ರೋಗವೋ ಎಂದು ನೋಡುತ್ತೇವೆ. ಅಡಿಕೆಗೆ ಕೊಳೆ ಬಂದರೆ ಬೋರ್ಡೋ ದ್ರಾವಣದ ಅಳತೆ ಯಾರನ್ನೂ ಕೇಳುವುದಿಲ್ಲ. ಕಂಪ್ಯೂಟರ್ ಮುಂದೆ ಬಂದಾಗ ಮಾತ್ರ ಏಕೆ ಕೈಕಟ್ಟಿ ನಿಲ್ಲುತ್ತೇವೆ? ಅದು 'ಓದಿದವರ ವಸ್ತು' ಎಂದು ನಮ್ಮ ತಲೆಗೆ ತುಂಬಿದ್ದಾರೆ, ನಾವೂ ತುಂಬಿಸಿಕೊಂಡಿದ್ದೇವೆ.

ಬೀರುವಿನ ಪಕ್ಕದ ಕಂಪ್ಯೂಟರ್‌ಗಳು

ನನ್ನ ಕಂಪ್ಯೂಟರ್ ಬಿಡಿ, ಒಬ್ಬನ ನಷ್ಟ. ನಮ್ಮ ಕಡೆಯ ಒಂದು ಸರಕಾರಿ ಶಾಲೆಗೆ ಬೇರೇನೋ ಸುದ್ದಿಗೆ ಹೋಗಿದ್ದೆ. ಬೀರುವಿನ ಪಕ್ಕ ಬಟ್ಟೆ ಹೊದಿಸಿಟ್ಟ ನಾಲ್ಕು ಕಂಪ್ಯೂಟರ್. "ಇವಕ್ಕೆ ಏನಾಗಿದೆ ಮೇಡಂ?" ಎಂದೆ. "ಕೂಗ್ತಿದ್ವು ಸರ್. ಮಕ್ಕಳಿಗೆ ಶಾಕ್ ಹೊಡೆದೀತು ಅಂತ ಆಫ್ ಮಾಡಿಟ್ವಿ. ನೋಡೋಕೆ ಬಂದವ್ರು ಬೋರ್ಡ್ ಹೋಗಿದೆ ಅಂತ ಬರೆದು ಹೋದ್ರು." ಎರಡು ವರ್ಷದಿಂದ ಹಾಗೇ ಇದ್ದವು.

ಅವರ ಒಪ್ಪಿಗೆ ಕೇಳಿ, ಹತ್ತನೇ ತರಗತಿಯ ಮೂವರು ಮಕ್ಕಳನ್ನು ಕೂರಿಸಿಕೊಂಡು ಒಂದು ಶನಿವಾರ ಬಿಚ್ಚಿದೆವು. ಎರಡು ಯಂತ್ರ ರ‍್ಯಾಮ್ ಉಜ್ಜಿದ್ದಕ್ಕೇ ಎದ್ದವು. ಮೂರನೆಯದರ ಸೆಲ್ ಸತ್ತು, ತಾರೀಖು ಎಲ್ಲೋ ಹಿಂದಕ್ಕೆ ಹೋಗಿತ್ತು. ಸಿಆರ್ 2032 ಎಂಬ ನಾಣ್ಯದಂಥ ಸೆಲ್ ಬದಲಿಸಿದೆವು. ನಾಲ್ಕನೆಯದು ನಿಜಕ್ಕೂ ಸತ್ತಿತ್ತು. ನಾಲ್ಕರಲ್ಲಿ ಮೂರು ಬದುಕಿದ್ದವು, ಮಾರಾಯ್ರೆ! ಬದುಕಿದ್ದವನ್ನು ಸತ್ತವೆಂದು ಬರೆದ ಕಾಗದಕ್ಕೆ ಸಹಿ, ಸೀಲು ಎಲ್ಲ ಇತ್ತು. ಆ ಎರಡು ವರ್ಷದಲ್ಲಿ ಶಾಲೆ ಬಿಟ್ಟುಹೋದ ಮಕ್ಕಳು ಕೀಬೋರ್ಡ್ ಮುಟ್ಟದೆಯೇ ಹೋದರು. ಅವರಿಗೆ ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ? ಜಿಲ್ಲಾ ಕೇಂದ್ರ ನಮಗೆ ಸುಮಾರು 90 ಕಿಲೋಮೀಟರ್ ದೂರ. ಅಲ್ಲಿಂದ ತಂತ್ರಜ್ಞರು ಬರಲಿ ಎಂದು ಕಾಯುವ ವ್ಯವಸ್ಥೆ ಘಟ್ಟದ ಊರುಗಳಿಗೆ ಹೊಂದುವುದಿಲ್ಲ.

ಕಿವಿಗೊಟ್ಟು ಎಣಿಸಿ

ಈಗ ಕೆಲಸದ ಮಾತು. ಬೀಪ್ ಬಂದಾಗ ಗಾಬರಿಯಾಗಿ ಆರಿಸಬೇಡಿ. ಫೋನ್ ತೆಗೆದು ರೆಕಾರ್ಡ್ ಮಾಡಿ. ಎಷ್ಟು ಉದ್ದ, ಎಷ್ಟು ಚಿಕ್ಕ, ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಎಣಿಸಿ ಬರೆದಿಡಿ.

ಒಂದು ಎಚ್ಚರಿಕೆ. ಎಲ್ಲ ಕಂಪನಿಗಳ ಭಾಷೆ ಒಂದೇ ಅಲ್ಲ. ಹಳೆಯ ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಚಿಕ್ಕ ಎಂದರೆ ಪರದೆಯ ಕಾರ್ಡಿನ ದೋಷ. ಆಸುಸ್ ಬೋರ್ಡಿನಲ್ಲಿ ಅದೇ ಕೂಗಿಗೆ ರ‍್ಯಾಮ್ ಸಿಗುತ್ತಿಲ್ಲ ಎಂದರ್ಥ. ಪರದೆಯ ದೋಷಕ್ಕೆ ಅಲ್ಲಿ ಒಂದು ಉದ್ದ, ಮೂರು ಚಿಕ್ಕ. ಡೆಲ್‌ನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬೀಪ್ ಎಂದರೆ ರ‍್ಯಾಮ್ ಸಿಗುತ್ತಿಲ್ಲ, ಐದು ಬೀಪ್ ಎಂದರೆ ಸೆಲ್ ಹೋಗಿದೆ. ಎಚ್‌ಪಿಯ ಹೊಸ ಯಂತ್ರಗಳಲ್ಲಿ ಮೂರು ಉದ್ದ, ಎರಡು ಚಿಕ್ಕ ಬಂದರೆ ರ‍್ಯಾಮ್ ಕಡೆ ನೋಡಬೇಕು. ಆದ್ದರಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿ ನಂಬಬೇಡಿ. ನಿಮ್ಮ ಮಾಡೆಲ್ ನಂಬರಿನ ಕೈಪಿಡಿಯನ್ನೇ ನೋಡಿ.

ಬೀಪೂ ಇಲ್ಲ, ಫ್ಯಾನೂ ತಿರುಗುತ್ತಿಲ್ಲ ಎಂದರೆ ಮೊದಲು ಪ್ಲಗ್, ವೈರ್, ಯುಪಿಎಸ್, ಆಮೇಲೆ ಎಸ್‌ಎಂಪಿಎಸ್ ಬಗ್ಗೆ ಅನುಮಾನಪಡಿ. ಫ್ಯಾನ್ ತಿರುಗುತ್ತಿದ್ದು ಕೂಗೇ ಇಲ್ಲ ಎಂದರೆ ಒಳಗೆ ಸ್ಪೀಕರ್ ಇಲ್ಲದೆಯೂ ಇರಬಹುದು. ಅಸೆಂಬಲ್ ಮಾಡಿಸಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆ ಪುಟ್ಟ ಸ್ಪೀಕರನ್ನು ಹಾಕಿಯೇ ಇರುವುದಿಲ್ಲ. ನೂರು ರೂಪಾಯಿಯೊಳಗಿನ ವಸ್ತು ಅದು. ಅದನ್ನು ಬಿಟ್ಟು ಕೊಡುವುದೆಂದರೆ ರೋಗಿಯ ಬಾಯಿ ಹೊಲಿದು ಮನೆಗೆ ಕಳಿಸಿದಂತೆ.

ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಕಬ್ಬಿಣದ ಕವಚ ಮುಟ್ಟಿ ಆಮೇಲೆ ಕೈ ಹಾಕಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

"ಅರ್ಧ ವಿದ್ಯೆ ಅಪಾಯ" ಎನ್ನುವವರಿಗೆ

ರಿಪೇರಿ ಮಾಡುವ ಗೆಳೆಯರು ಇದನ್ನು ಓದಿ ಬೈಯುತ್ತಾರೆ, ಗೊತ್ತು. "ಎಲ್ಲರೂ ಬಿಚ್ಚಿದರೆ ಸರಿ ಇದ್ದದ್ದೂ ಹಾಳು. ಬೀಪ್ ರ‍್ಯಾಮ್ ಎಂದರೂ ಕೆಟ್ಟದ್ದು ಸ್ಲಾಟ್ ಆಗಿರಬಹುದು." ಮಾತು ಸುಳ್ಳಲ್ಲ. ಬೀಪ್ ತೋರಿಸುವುದು ದಿಕ್ಕನ್ನು, ಕೊನೆಯ ತೀರ್ಪನ್ನಲ್ಲ. ಅದಕ್ಕೇ ನಾನು ಕೇಳುವುದು: ಆ ದಿಕ್ಕನ್ನು ಗಿರಾಕಿಗೆ ಹೇಳಲು ನಿಮಗೇನು ಕಷ್ಟ? ಜ್ವರ ಎಷ್ಟಿದೆ ಎಂದು ಮನೆಯಲ್ಲೇ ನೋಡಿಕೊಂಡು ಬಂದ ರೋಗಿಯ ಮೇಲೆ ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಮಳೆಯಲ್ಲಿ ನೆಂದು ಬಂದವರ ಯಂತ್ರವನ್ನು ಐದೇ ನಿಮಿಷದಲ್ಲಿ ಸರಿಮಾಡಿ, ನ್ಯಾಯವಾದ ಕೂಲಿ ತೆಗೆದುಕೊಂಡು ಕಳಿಸುವ ಹುಡುಗರೂ ಇದ್ದಾರೆ. ಗಿರಾಕಿಗೆ ತಿಳಿವಳಿಕೆ ಬಂದರೆ ಅಂಥವರ ಅಂಗಡಿ ಬೆಳೆಯುತ್ತದೆ. ಹೆದರಬೇಕಾದವರು ಬೇರೆಯವರು.

ಕೇಂದ್ರ ಸರಕಾರ 2022ರ ಜುಲೈಯಲ್ಲಿ 'ರಿಪೇರಿ ಹಕ್ಕಿ'ನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ದೆಹಲಿಯ ಪೋರ್ಟಲ್ಲಿನಲ್ಲಿರುವ ಹಕ್ಕು ಕಳಸದ ಮೇಜಿನ ಮೇಲೆ ಇಳಿಯಬೇಕಾದರೆ ನಾವೇ ಕೆಲವು ಕೆಲಸ ಮಾಡಬೇಕು.

ಶಾಲೆ, ಪಂಚಾಯಿತಿ, ಸಹಕಾರ ಸಂಘ, ಎಲ್ಲೇ ಕಂಪ್ಯೂಟರ್ ಇರಲಿ, ಆ ಮಾಡೆಲ್ಲಿನ ಬೀಪ್ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿ. ಹೊಸತು ಕೊಳ್ಳುವಾಗ "ಸ್ಪೀಕರ್ ಇರಬೇಕು" ಎಂದು ಕೊಟೇಶನ್ನಿನಲ್ಲೇ ಬರೆಸಿ. "ಬೋರ್ಡ್ ಹೋಗಿದೆ" ಎಂದು ವರದಿ ಬರೆಯುವವರು ಯಾವ ಬೀಪ್ ಕೇಳಿದರು, ಯಾವ ಭಾಗ ಬದಲಿಸಿ ನೋಡಿದರು ಎಂಬುದನ್ನೂ ಬರೆಯಬೇಕು. ಬರೆಯದಿದ್ದರೆ ಎಸ್‌ಡಿಎಂಸಿಯವರು ಸಹಿ ಹಾಕಬಾರದು. ಅಂಗಡಿಯಲ್ಲಿ ಭಾಗ ಬದಲಿಸಿದರೆ ಹಳೆಯದನ್ನು ಕೈಗೆ ಕೊಡಿ ಎನ್ನಿ, ಬಿಲ್ ಕೇಳಿ. ಮೋಸ ಎನಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ಆ ಶಾಲೆಯಲ್ಲಿ ಈಗ ಗೋಡೆಯ ಮೇಲೆ ಒಂದು ಹಾಳೆ ಇದೆ. ಮಕ್ಕಳೇ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಹೋದ ವಾರ ಅವರಲ್ಲೊಬ್ಬಳು ಫೋನ್ ಮಾಡಿದ್ದಳು: "ಸರ್, ಪಂಚಾಯಿತಿ ಕಂಪ್ಯೂಟರ್ ಕೂಗ್ತಿದೆಯಂತೆ. ನಾವು ಹೋಗಿ ಕೇಳ್ಬಹುದಾ?"

ಹೋಗಿ ಕೇಳು ತಂಗಿ, ಪಿಡಿಒ ಅವರನ್ನು ಒಂದು ಮಾತು ಕೇಳಿಕೊಂಡು. ರಬ್ಬರ್ ಮರೀಬೇಡ.