ತಾಷ್ಕೆಂಟ್ ದೂರ ಸರಿದದ್ದಲ್ಲ, ಸರಿಸಿದ್ದು

ದೆಹಲಿಗೆ ಬೆಂಗಳೂರಿಗಿಂತ ಉಜ್ಬೆಕಿಸ್ತಾನದ ತಾಷ್ಕೆಂಟ್ ಹತ್ತಿರ ಎಂದರೆ ನಮ್ಮ ಹೈಸ್ಕೂಲಿನ ಹುಡುಗರು ನಂಬುತ್ತಿರಲಿಲ್ಲ. ಭೂಗೋಳದ ತಾಸಿನಲ್ಲಿ ಗ್ಲೋಬಿನ ಮೇಲೆ ದಾರ ಹಿಡಿಸಿ ಅಳೆಸುತ್ತಿದ್ದೆ. ಆಕಾಶಮಾರ್ಗದಲ್ಲಿ ಬೆಂಗಳೂರಿಗೆ ಸುಮಾರು 1,700 ಕಿ.ಮೀ., ತಾಷ್ಕೆಂಟ್‌ಗೆ 1,600ರ ಆಸುಪಾಸು. ದಾರ ಪಂಜಾಬ್ ದಾಟಿ, ಪಾಕಿಸ್ತಾನದ ಉತ್ತರ ಭಾಗ ಹಾಯ್ದು, ಹಿಂದೂಕುಶ್ ಏರಿ ಇಳಿಯುತ್ತದೆ. ವಿಮಾನಕ್ಕೆ ಮೂರು ತಾಸಿನ ದಾರಿ.

ಕಾಶ್ಮೀರದ ಪಹಲ್ಗಾಮ್‌ನ ಭಯೋತ್ಪಾದಕ ದಾಳಿಯ ಬೆನ್ನಿಗೆ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು. 30ರಂದು ನಾವೂ ಮುಚ್ಚಿದೆವು. ತನ್ನ ವಿಮಾನಗಳ ವ್ಯಾಪ್ತಿಯಲ್ಲಿ ಬದಲಿ ಮಾರ್ಗವಿಲ್ಲವೆಂದು ಇಂಡಿಗೊ ಆಗ ತಾಷ್ಕೆಂಟ್, ಅಲ್ಮಾಟಿ ಹಾರಾಟ ನಿಲ್ಲಿಸಿತು.

ತಾಷ್ಕೆಂಟ್‌ನಲ್ಲಿ ಮೆಡಿಕಲ್ ಓದುವ ನನ್ನ ತಂಗಿಯ ಮೊಮ್ಮಗಳು ಫೋನಿನಲ್ಲಿ ಕೇಳಿದಳು: "ಅಜ್ಜಾ, ಉಜ್ಬೆಕ್ ವಿಮಾನ ಪಾಕಿಸ್ತಾನದ ಮ್ಯಾಲೇ ಹಾರ್‍ತಾವ, ನಮ್ಮವ್ಯಾಕ ಬರಂಗಿಲ್ಲ?" ನಿಷೇಧ ಇರುವುದು ಭಾರತದ ವಿಮಾನಗಳಿಗೆ ಮಾತ್ರ ಎಂದೆ. "ಹಂಗಾರ ಉತ್ತರದಿಂದ ಸುತ್ತಿ ಬರಲಿ" ಎಂದಳು. ಅಲ್ಲಿರುವುದು ಕಾರಾಕೋರಂ, ಅದರ ಪೂರ್ವಕ್ಕೆ ಟಿಬೆಟ್. ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗ ಹತ್ತು ಸಾವಿರ ಅಡಿಗೆ ಇಳಿಸಬೇಕು. ತಲೆಯ ಮೇಲಿಂದ ಜೋತುಬೀಳುವ ಮಾಸ್ಕಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕೆಲವೇ ನಿಮಿಷ ಬರುತ್ತದೆ. ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಇಳಿಸುವುದೆಲ್ಲಿ?

ಭಯೋತ್ಪಾದನೆ ಪೋಷಿಸುವವರಿಗೆ ಬಿಸಿ ಮುಟ್ಟಲೇಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಆಕಾಶ ಮುಚ್ಚುವುದೂ ಒಮ್ಮೊಮ್ಮೆ ಹರಿತವಾದ ಅಸ್ತ್ರವೇ. 1971ರ ಜನವರಿಯಲ್ಲಿ ನಮ್ಮ 'ಗಂಗಾ' ವಿಮಾನದ ಅಪಹರಣವಾದ ಮೇಲೆ ಭಾರತ ಮುಚ್ಚಿದಾಗ, ಕರಾಚಿಯಿಂದ ಢಾಕಾಕ್ಕೆ ಹೋಗಲು ಪಾಕಿಸ್ತಾನದ ವಿಮಾನಗಳು ಕೊಲಂಬೊ ಸುತ್ತಿ ಸುಮಾರು ಎರಡು ಪಟ್ಟು ದೂರ ಹಾರಬೇಕಾಯಿತು. ಆ ದೇಶದ ಆಗಿನ ಪೂರ್ವ, ಪಶ್ಚಿಮ ತುಂಡುಗಳ ನಡುವಿನ ಕೊಂಡಿಗೇ ಪೆಟ್ಟು ಬಿದ್ದಿತ್ತು. ಇಂದು ಅಂಥ ಪೆಟ್ಟು ಯಾರಿಗೆ? ಪಶ್ಚಿಮಕ್ಕೆ ಹಾರುವ ನಮ್ಮ ವಿಮಾನಗಳು ಪೂರ್ವಕ್ಕೆ ಹಾರುವ ಅವರ ವಿಮಾನಗಳಿಗಿಂತ ಎಷ್ಟೋ ಹೆಚ್ಚು. ಸುತ್ತುದಾರಿಯ ಇಂಧನದ ಖರ್ಚು ಕೊನೆಗೆ ಟಿಕೆಟ್ ಕೊಳ್ಳುವವನ ತಲೆಗೇ ಬರುತ್ತದೆ.

ತಾಷ್ಕೆಂಟ್ ವಿಷಯದಲ್ಲಿ ಈ ನಿಷೇಧ ಇನ್ನಷ್ಟು ಚುಚ್ಚುತ್ತದೆ. 1965ರ ಸೆಪ್ಟೆಂಬರಿನಲ್ಲಿ ಭಾರತ-ಪಾಕಿಸ್ತಾನ ಯುದ್ಧ ನಿಂತು ನಾಲ್ಕು ತಿಂಗಳೊಳಗೆ, 1966ರ ಜನವರಿ 10ರಂದು, ಪ್ರಧಾನಿ ಶಾಸ್ತ್ರೀಜಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಪ್ಪಂದಕ್ಕೆ ಸಹಿ ಹಾಕಿದ್ದು ಅಲ್ಲಿಯೇ. ಆ ರಾತ್ರಿ ಶಾಸ್ತ್ರೀಜಿ ತೀರಿಕೊಂಡದ್ದೂ ಅಲ್ಲಿಯೇ. ಫೆಬ್ರವರಿಯಲ್ಲಿ ಎರಡೂ ದೇಶಗಳು ಪರಸ್ಪರರ ಆಕಾಶದಲ್ಲಿ ಹಾರಾಟಕ್ಕೆ ಒಪ್ಪಿದವು. ಯುದ್ಧ ಮಾಡಿದವರೇ ಅಷ್ಟು ಬೇಗ ಮಾತಿಗೆ ಕೂತರು. ನಾವು ಮಾತ್ರ ತಿಂಗಳಿಗೊಮ್ಮೆ, ಒಬ್ಬರ ಬೆನ್ನಿಗೆ ಇನ್ನೊಬ್ಬರು, ನಿಷೇಧದ ಗಡುವು ವಿಸ್ತರಿಸುತ್ತ ಬಂದೆವು.

ಕಾರಣ ಬಲವಾಗಿದ್ದರೆ ಇನ್ನೂ ವಿಸ್ತರಿಸಲಿ. ಆದರೆ ಪ್ರತಿ ವಿಸ್ತರಣೆಯ ಜೊತೆಗೆ ಅವರಿಗೆಷ್ಟು ನಷ್ಟವಾಯಿತು, ನಮಗೆಷ್ಟಾಯಿತು, ಇದರಿಂದ ಸಾಧಿಸಿದ್ದೇನು ಎಂಬ ಲೆಕ್ಕವನ್ನು ಸರ್ಕಾರ ಸಂಸತ್ತಿನ ಮುಂದಿಡಬೇಕು. ಲೆಕ್ಕ ತಾಳೆಯಾಗದಿದ್ದರೆ, ಪ್ರಯಾಣಿಕರ ವಿಮಾನಗಳನ್ನಾದರೂ ಈ ಜಗಳದಿಂದ ಹೊರಗಿಡುವ ಮಾತುಕತೆ ಶುರುಮಾಡಲಿ.