ಮೊಡವೆಯ ಮದ್ದು, ಮಾರುವವನ ಹೊಣೆ

ದೆಹಲಿಯ ಮುಖರ್ಜಿ ನಗರವು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣ ತರುಣಿಯರ ಬೀಡು. ಊರಿನಿಂದ ತಂದೆತಾಯಿಗಳು ಕಳುಹಿಸುವ ಹಣದಲ್ಲಿ ಇಕ್ಕಟ್ಟಾದ ಕೋಣೆಗಳಲ್ಲಿ ಓದುವ ಇವರಲ್ಲಿ ಕನ್ನಡಿಗರೂ ಉಂಟು. ಆ ವಯಸ್ಸಿಗೆ ಮೊಡವೆ ಸಹಜವಾದುದರಿಂದ, ಆನ್‌ಲೈನಿನಲ್ಲಿ ‘ವಿಟಮಿನ್ ಚಿಕಿತ್ಸೆ’ ಮಾರುವವರಿಗೆ ಇಂಥವರೇ ಗಿರಾಕಿಗಳು.

ಅಲ್ಪ ಬಂಡವಾಳದ ಈ ವ್ಯಾಪಾರವನ್ನು ಕನ್ನಡಿಗ ತರುಣರು ಕೈಗೊಳ್ಳಬಯಸಿದರೆ ಅದು ಸ್ತುತ್ಯವೇ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿಗಳವರೆಗೆ ಸಾಲಕ್ಕೆ ಅವಕಾಶವಿದೆ. ಆದರೆ ಸಾಲ ದೊರೆತ ಮಾತ್ರಕ್ಕೆ ಔಷಧ ಮಾರುವ ಅಧಿಕಾರ ದೊರೆಯದು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಪ್ರಕಾರ ಅದಕ್ಕೆ ಪರವಾನಗಿ ಅವಶ್ಯಕ.

ವಿಟಮಿನ್ ಎಂದರೆ ನಿರಪಾಯವೆಂಬ ಭ್ರಮೆಯೇ ಅನರ್ಥದ ಮೂಲ. ಬಿ3 ವರ್ಗದ ನಿಯಾಸಿನಮೈಡ್ ಲೇಪನವು ಸಾಮಾನ್ಯವಾಗಿ ಸೌಮ್ಯವಾದುದು. ಬಿ12 ಅತಿಯಾದರೆ ಕೆಲವರಲ್ಲಿ ಮೊಡವೆ ಹೆಚ್ಚುವುದೂ ಉಂಟು. ‘ಎ’ ವಿಟಮಿನ್ ಕುಲಕ್ಕೆ ಸೇರಿದ ಐಸೊಟ್ರೆಟಿನಾಯಿನ್ ಗುಳಿಗೆಯು ತೀವ್ರ ಮೊಡವೆಗೆ ಪರಿಣಾಮಕಾರಿಯಾದರೂ, ಗರ್ಭಿಣಿಯು ಸೇವಿಸಿದಲ್ಲಿ ಹುಟ್ಟುವ ಮಗುವಿಗೆ ಘೋರ ಅಂಗವೈಕಲ್ಯವನ್ನು ತರಬಲ್ಲದು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಅಪರಾಧ.

ಆದುದರಿಂದ ಸಣ್ಣ ವ್ಯಾಪಾರಿಯು ಪರವಾನಗಿಯುಳ್ಳ ತಯಾರಕರ ಲೇಪನಗಳನ್ನಷ್ಟೇ ಮಾರಲಿ. ಅದರಲ್ಲಿರುವ ವಸ್ತುಗಳನ್ನೂ ಬಳಕೆಯ ಗಡುವನ್ನೂ ಸ್ಪಷ್ಟವಾಗಿ ತಿಳಿಸಲಿ. ವಾರಗಟ್ಟಲೆ ಹಿಡಿಯುವ ಶಮನವನ್ನು ನಾಲ್ಕೇ ದಿನಗಳಲ್ಲಿ ತರುವೆನೆಂದು ಸಾರದಿರಲಿ. ಕಲೆ ಉಳಿಯುವಂಥ ಮೊಡವೆಯುಳ್ಳವರನ್ನು ಚರ್ಮವೈದ್ಯರಲ್ಲಿಗೆ ಕಳುಹಿಸಲಿ. ಅಂದಿನ ಲೆಕ್ಕದಲ್ಲಿ ಒಂದು ಮಾರಾಟ ಖೋತಾ ಆದೀತು. ಗಿರಾಕಿಯ ವಿಶ್ವಾಸವಾದರೋ ಜಮೆಯಾಗುತ್ತದೆ. ವ್ಯಾಪಾರವನ್ನು ಬಹುಕಾಲ ಉಳಿಸುವ ಬಂಡವಾಳ ಅದೊಂದೇ.