ಒಲೆಯೂ ಬೂದಿಯೂ



ಒಲೆ ಹೊತ್ತಿಸುವುದಕ್ಕಿಂತ ಬೂದಿ ತೆಗೆಯುವುದೇ ದೊಡ್ಡ ಕೆಲಸವೆಂದು ನನ್ನ ತಾಯಿ ಹೇಳುತ್ತಿದ್ದರು. ಭಾರತವೂ ಪಾಲುದಾರನಾಗಿ ದಕ್ಷಿಣ ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ‘ಇಟರ್’ ಬೈಜಿಕ ಸಮ್ಮಿಲನ ಸ್ಥಾವರದ ಬಗ್ಗೆ ಓದುವಾಗ ಆ ಮಾತು ನೆನಪಾಗುತ್ತದೆ.

ಎಲ್ಲರೂ ಕೊಂಡಾಡುವುದು 15 ಕೋಟಿ ಡಿಗ್ರಿಯ ಪ್ಲಾಸ್ಮಾವನ್ನು. ಆದರೆ ಅದರ ಅಂಚಿನಿಂದ ಸೋರುವ ಶಾಖವನ್ನೂ ಹೀಲಿಯಂ ಎಂಬ ಬೂದಿಯನ್ನೂ ಹೊರಹಾಕಬೇಕಾದದ್ದು ತಳದಲ್ಲಿರುವ ಡೈವರ್ಟರ್. ಅಲ್ಲಿನ ಟಂಗ್‌ಸ್ಟನ್ ಫಲಕ ನಿರಂತರವಾಗಿ ತಾಳಬಲ್ಲದ್ದು ಚದರ ಮೀಟರಿಗೆ ಸುಮಾರು 10 ಮೆಗಾವಾಟ್. ಅಂಚಿನಲ್ಲಿ ಶಾಖ ಹರಿಯುವ ಪದರದ ದಪ್ಪವೆಷ್ಟು? ಹಲವು ಟೋಕಮಾಕ್‌ಗಳ ಅಳತೆಗಳನ್ನು ಆಧರಿಸಿದ 2013ರ ಅಂದಾಜು ಸುಮಾರು 1 ಮಿಲಿಮೀಟರ್. 2017ರ ಸೂಪರ್‌ಕಂಪ್ಯೂಟರ್ ಗಣನೆ 5 ಮಿಲಿಮೀಟರಿಗೂ ಹೆಚ್ಚು.

ಎರಡನೆಯದು ನಿಜವಾದರೆ ಎಲ್ಲರಿಗೂ ನೆಮ್ಮದಿ. ಆದರೆ ಹಿತವಾದ ಉತ್ತರವೆಲ್ಲ ಸರಿಯುತ್ತರವಲ್ಲ. ಆ ಗಣನೆ ಈಗಿನ ಯಂತ್ರಗಳ ಅಳತೆಗೆ ಹೊಂದಿದೆ, ನಿಜ. ಆದರೂ ಇಟರ್ ಉರಿಯುವ ತನಕ ಅದು ಊಹೆಯೇ. ಆದ್ದರಿಂದ ವಿನ್ಯಾಸವು 1 ಮಿಲಿಮೀಟರಿಗೇ ಸಿದ್ಧವಿರಲಿ. ನಿಯಾನ್ ಅನಿಲ ಬೆರೆಸಿ ಶಾಖವನ್ನು ವಿಕಿರಣವಾಗಿ ಚದುರಿಸುವ ಉಪಾಯವೂ ಕೈಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಗಣಿತದ ತರಗತಿಯಲ್ಲಿ ‘ತಾಳೆ ನೋಡಿದಿರಾ?’ ಎಂದು ನಿಮ್ಮನ್ನು ಪೀಡಿಸುತ್ತಿದ್ದುದು ನೆನಪಿರಬಹುದು. ಕಂಪ್ಯೂಟರ್ ಮಾಡಿದ ಲೆಕ್ಕಕ್ಕೂ ಅದೇ ನಿಯಮ.